ಕಬ್ಬಿನ ಗದ್ದೆಯ ಇಲಿ ಮತ್ತು ಹಡಗು ಹತ್ತಿದ ಮುಂಗುಸಿ

ಇಂಗ್ಲಿಷಿನವರು ನಮ್ಮ ದಕ್ಷಿಣದ ಭಾಷೆಗಳಿಂದ ಹೊತ್ತುಕೊಂಡು ಹೋದ ಪದಗಳು ಬಹಳ ಇವೆ. ಮ್ಯಾಂಗೋ, ಕರ್ರಿ, ಚೆರೂಟ್... ಈ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಆದರೆ ಅದರಲ್ಲಿ ಎರಡು ಪ್ರಾಣಿಗಳ ಹೆಸರೂ ಇವೆ ಅನ್ನೋದು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಒಂದು ಬ್ಯಾಂಡಿಕೂಟ್. ತೆಲುಗಿನ 'ಪಂದಿಕೊಕ್ಕು' ಪದದಿಂದ ಬಂದದ್ದು, ಅಂದರೆ ಹಂದಿಯಂಥ ಇಲಿ. (ತೆಲುಗಿನ 'ಪಂದಿ'ಯೇ ನಮ್ಮಲ್ಲಿ 'ಹಂದಿ'. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತೆ ಅಂತ ಹೈಸ್ಕೂಲಿನಲ್ಲಿ ಓದಿದ್ದು ನೆನಪಿದೆ ತಾನೇ?) ನಾವು ಹೆಗ್ಗಣ ಅನ್ನುವುದು ಇದನ್ನೇ. ಇನ್ನೊಂದು ಮಂಗೂಸ್. ಇದು ಪೋರ್ಚುಗೀಸರ ಮೂಲಕ ಮರಾಠಿಯಿಂದ ಹೋಯಿತು ಅಂತಾರೆ. ತೆಲುಗಿನ ಮುಂಗಿಸ, ನಮ್ಮ ಮುಂಗುಸಿ ಎಲ್ಲ ಅದೇ ಬಳಗ.

ಅಂದರೆ ಒಂದು ಇಲಿ, ಮತ್ತೊಂದು ಇಲಿ ಹಿಡಿಯುವ ಪ್ರಾಣಿ. ಎರಡೂ ನಮ್ಮ ಊರಿನ ಬದುಗಳಲ್ಲಿ ಓಡಾಡಿಕೊಂಡಿದ್ದಂಥವು. ಇವುಗಳ ಹಿಂದೆ ಬಿದ್ದು ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು ಮಾತ್ರ ಭಾಷೆಯ ಕಥೆಯಲ್ಲ, ಸಕ್ಕರೆಯ ಕಥೆ. ಸುಮಾರು ಇನ್ನೂರೈವತ್ತು ವರ್ಷ ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿ ಕಬ್ಬಿನ ಗದ್ದೆಯ ಇಲಿಯನ್ನು ಮಟ್ಟ ಹಾಕಲು ಮನುಷ್ಯ ಏನೇನು ಮಾಡಿದ, ಅದಕ್ಕೆ ಯಾರ್ಯಾರು ಬೆಲೆ ತೆತ್ತರು ಅನ್ನೋ ಕಥೆ. ಸ್ವಲ್ಪ ಉದ್ದ ಇದೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ :)

* * *

ಮೊದಲು ಇಲಿ ಕಬ್ಬಿಗೆ ಏನು ಮಾಡುತ್ತೆ ಅಂತ ನೋಡೋಣ. ಭತ್ತದ ಗದ್ದೆಯಲ್ಲಿ ಇಲಿ ಬಿದ್ದರೆ ತೆನೆ ಹೋಯಿತು, ಕಣ್ಣಿಗೆ ಕಾಣುತ್ತೆ. ಕಬ್ಬಿನಲ್ಲಿ ಹಾಗಲ್ಲ. ಇಲಿ ಜಲ್ಲೆಯ ಬುಡದ ಕಡೆಯ ಗೆಣ್ಣುಗಳ ನಡುವೆ ಕೊರೆಯುತ್ತೆ. ಅದು ತಿಂದದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು. ಗಾಯವಾದ ಜಾಗದಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಸೇರಿಕೊಂಡು ರಸ ಹುಳಿಯಾಗುತ್ತೆ, ಸಕ್ಕರೆ ಅಂಶ ಇಳಿಯುತ್ತೆ. ಬುಡ ಸೋತ ಕಬ್ಬು ಗಾಳಿಗೆ ಮಲಗುತ್ತೆ. ಮಲಗಿದ ಕಬ್ಬಿನ ಅಡಿ ಇಲಿಗೆ ಇನ್ನೂ ಒಳ್ಳೆಯ ಮರೆ. ಐದಾರು ತಿಂಗಳಾಗಿ ಸೋಗೆ ಒಂದಕ್ಕೊಂದು ಕೂಡಿಕೊಂಡ ಮೇಲಂತೂ ಒಳಗೆ ಏನು ನಡೀತಿದೆ ಅಂತ ಹೊರಗಿನಿಂದ ತಿಳಿಯುವುದೇ ಇಲ್ಲ. ಒಳಗೆ ಮನುಷ್ಯ ನುಗ್ಗಲಾರ, ಮೇಲಿನಿಂದ ಹದ್ದಿಗೆ ಕಾಣುವುದಿಲ್ಲ. ಕಡಿಯುವ ದಿನವೇ ಲೆಕ್ಕ ಗೊತ್ತಾಗುವುದು.

ಮಂಡ್ಯ ಕಡೆಯ ನಮ್ಮ ದೊಡ್ಡಪ್ಪನ ಮಾತಿನಲ್ಲಿ ಹೇಳುವುದಾದರೆ, "ಮಗಾ, ಹಂದಿ ಬಂದ್ರೆ ಶಬ್ದ ಮಾಡ್ಕಂಡ್ ಬತ್ತದೆ, ಓಡುಸ್ಬೋದು. ಇಲಿ ನಮ್ ಗದ್ದೇಲೇ ಸಂಸಾರ ಹೂಡ್ತದೆ ಕಣ್ಲಾ."

ಈ ಸಂಸಾರ ಹೂಡುವ ವಿಷಯ ನೆನಪಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಬೇಕಾಗುತ್ತೆ.

* * *

ಕಬ್ಬು ಕೆರಿಬಿಯನ್ ದ್ವೀಪಗಳಿಗೆ ಹೋದದ್ದು ಕೊಲಂಬಸ್‌ನ ಎರಡನೇ ಯಾನದಲ್ಲಿ, 1493ರಲ್ಲಿ. ಯುರೋಪಿನ ಹಡಗುಗಳ ಜೊತೆಗೆ ಅಲ್ಲಿ ಇಳಿದದ್ದು ಕಪ್ಪು ಇಲಿ, ಆಮೇಲೆ ಕಂದು ಇಲಿ. ಆ ದ್ವೀಪಗಳಲ್ಲಿ ಇವನ್ನು ಹಿಡಿದು ತಿನ್ನುವ ಪ್ರಾಣಿಗಳು ಕಡಿಮೆ. 1655ರಲ್ಲಿ ಜಮೈಕಾ ಇಂಗ್ಲಿಷರ ಕೈಗೆ ಬಂತು. ಮುಂದಿನ ನೂರು ವರ್ಷದಲ್ಲಿ ಅಲ್ಲಿ ಎಲ್ಲಿ ನೋಡಿದರೂ ಕಬ್ಬು, ಅದನ್ನು ಬೆಳೆಯಲು ಆಫ್ರಿಕಾದಿಂದ ಹೊತ್ತು ತಂದ ಗುಲಾಮರು. ಇಲಿಗೆ ಇದಕ್ಕಿಂತ ಸ್ವರ್ಗ ಬೇಕೆ? ವರ್ಷವಿಡೀ ಊಟ, ವರ್ಷವಿಡೀ ಮರೆ, ಹಿಡಿಯುವವರಿಲ್ಲ.

ಆ ಕಾಲದ ತೋಟಗಳಲ್ಲಿ ಇಲಿ ಹಿಡಿಯುವುದೇ ಕೆಲವರ ಕೆಲಸ. ಗದ್ದೆಯಲ್ಲಿ ದುಡಿಯುವ ಶಕ್ತಿ ಉಡುಗಿದ ಗುಲಾಮರನ್ನು ನಾಯಿಗಳ ಜೊತೆ, ಬೋನುಗಳ ಜೊತೆ ಇದಕ್ಕೆ ಹಾಕುತ್ತಿದ್ದರು. ಇಲಿ ಕಡಿದ ಕಬ್ಬು ಸಕ್ಕರೆಗೆ ಬರುತ್ತಿರಲಿಲ್ಲ. ಅದನ್ನು ರಮ್ ಬಟ್ಟಿ ಇಳಿಸಲು ಕಳಿಸುತ್ತಿದ್ದರು.

ಇಲ್ಲೊಂದು ತಮಾಷೆಯ ಪ್ರಸಂಗ. ಸೇಂಟ್ ಕಿಟ್ಸ್ ದ್ವೀಪದಲ್ಲಿ ವೈದ್ಯನಾಗಿದ್ದ ಜೇಮ್ಸ್ ಗ್ರೇಂಜರ್ ಅನ್ನುವವನು 1764ರಲ್ಲಿ ಕಬ್ಬಿನ ಬೇಸಾಯದ ಬಗ್ಗೆಯೇ ಒಂದು ದೊಡ್ಡ ಕಾವ್ಯ ಬರೆದ. ಹೆಸರೇ 'ದಿ ಶುಗರ್ ಕೇನ್'. ಗೊಬ್ಬರ, ಕಟಾವು, ಗಾಣ, ಕುದಿಸುವುದು, ಎಲ್ಲವೂ ಮಹಾಕಾವ್ಯದ ಗತ್ತಿನಲ್ಲಿ! ಇದರ ಹಸ್ತಪ್ರತಿಯನ್ನು ಲಂಡನ್ನಿನ ಚಿತ್ರಕಾರ ಜೋಶುವಾ ರೆನಾಲ್ಡ್ಸ್‌ನ ಮನೆಯಲ್ಲಿ ಓದುತ್ತಿದ್ದಾಗ, ಕವಿ ಕಾವ್ಯದೇವತೆಯನ್ನು ಕರೆದು ಇನ್ನು ಇಲಿಗಳ ವಿಷಯಕ್ಕೆ ಬರೋಣ ಅಂದ ಕೂಡಲೇ ನೆರೆದವರೆಲ್ಲ ಗೊಳ್ಳೆಂದು ನಕ್ಕರಂತೆ. ಈ ಕಥೆ ಹೇಳಿದ್ದು ಡಾಕ್ಟರ್ ಜಾನ್ಸನ್‌ನ ಜೀವನಚರಿತ್ರೆ ಬರೆದ ಬಾಸ್ವೆಲ್. ಲಂಡನ್ನಿನ ದಿವಾನಖಾನೆಯಲ್ಲಿ ಸಕ್ಕರೆ ಹಾಕಿದ ಟೀ ಕುಡಿಯುವವರಿಗೆ ಇಲಿ ಅಂದರೆ ನಗು. ಸೇಂಟ್ ಕಿಟ್ಸ್‌ನಲ್ಲಿದ್ದವನಿಗೆ ಅದು ನಗುವ ವಿಷಯವಾಗಿರಲಿಲ್ಲ. ಆ ಕಾವ್ಯದಲ್ಲಿ ಬೆಕ್ಕು, ಬೋನು, ಪಾಷಾಣ, ಎಲ್ಲದರ ಸಲಹೆಯೂ ಇದೆ.

ಪಾಷಾಣಕ್ಕೂ ಬೋನಿಗೂ ಜಗ್ಗದಾಗ ತೋಟದ ಮಾಲೀಕರು ಹಿಡಿದ ದಾರಿ, ಬೇರೆ ಊರಿನಿಂದ ಪ್ರಾಣಿ ತರಿಸುವುದು. 1762ರಲ್ಲಿ ಥಾಮಸ್ ರಾಫಲ್ಸ್ ಅನ್ನುವವನು ಕ್ಯೂಬಾದಿಂದ ಒಂದು ಬಗೆಯ ಇರುವೆಯನ್ನು ಜಮೈಕಾಕ್ಕೆ ತರಿಸಿದ ಅಂತ ಹೇಳುತ್ತಾರೆ. ಇರುವೆ ಬಿಲದೊಳಗೆ ನುಗ್ಗಿ ಇಲಿಮರಿಗಳನ್ನು ತಿನ್ನಲಿ ಅಂತ! ಇರುವೆ ಉಳಿಯಿತು, ಇಲಿಯೂ ಉಳಿಯಿತು. ಇರುವೆಗೆ ಆತನ ಹೆಸರು ಅಂಟಿಕೊಂಡಿತು ಅಷ್ಟೇ. 1844ರಲ್ಲಿ ಬಾರ್ಬಡೋಸ್‌ನಿಂದ ದೊಡ್ಡ ಕಪ್ಪೆಗಳನ್ನು ತಂದರು. ಫೆರೆಟ್ ಅನ್ನುವ, ಮುಂಗುಸಿಯ ಥರವೇ ಕಾಣುವ ಪ್ರಾಣಿಯನ್ನೂ ತರಿಸಿ ನೋಡಿದರು. ಅದು ಅಲ್ಲಿನ ಚಿಗಟದ ಕಾಟಕ್ಕೇ ಸೋತು ಹೋಯಿತು.

ಒಂದು ಬಗ್ ಸರಿ ಮಾಡಲು ಹೋಗಿ ಸಾಫ್ಟ್‌ವೇರಿಗೆ ಪ್ಯಾಚ್ ಮೇಲೆ ಪ್ಯಾಚ್ ಹಾಕುತ್ತಾ ಹೋಗುತ್ತಾರಲ್ಲ, ನಮ್ಮ ಆಫೀಸಿನಲ್ಲಿ ಇದು ದಿನನಿತ್ಯದ ನೋಟ. ಇಲ್ಲೂ ಅದೇ. ವ್ಯತ್ಯಾಸ ಏನೆಂದರೆ, ಪ್ಯಾಚ್ ಕೆಟ್ಟರೆ ಹಿಂದಕ್ಕೆ ತೆಗೆಯಬಹುದು. ಜೀವ ಇರುವ ಪ್ಯಾಚನ್ನು ಹಿಂದಕ್ಕೆ ತೆಗೆಯೋದು ಹೇಗೆ?

* * *

ಈಗ ನಮ್ಮ ಮುಂಗುಸಿಯ ಸರದಿ.

ಬ್ರಿಟಿಷರ ವಸಾಹತುಗಳಲ್ಲಿ ಗುಲಾಮಗಿರಿ 1834ರಲ್ಲಿ ಕಾನೂನಿನ ಪ್ರಕಾರ ಕೊನೆಯಾಗಿ, 1838ರಲ್ಲಿ ನಿಜವಾಗಿಯೂ ಮುಗಿಯಿತು. ಆಗ ಕಬ್ಬು ಕಡಿಯಲು ಕೈಗಳು ಬೇಕಾದವು. ತೋಟದ ಮಾಲೀಕರ ಕಣ್ಣು ಬಿದ್ದದ್ದು ಭಾರತದ ಮೇಲೆ. 1845ರಲ್ಲಿ ಜಮೈಕಾಕ್ಕೆ ಮೊದಲ ಭಾರತೀಯ ಕರಾರು ಕೂಲಿಗಳು ಹೋದರು. 1917ರಲ್ಲಿ ಈ ಪದ್ಧತಿ ನಿಲ್ಲುವವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿಗೆ ಹೋದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು, ಕಲ್ಕತ್ತಾ ಬಂದರಿನಿಂದ ಹಡಗು ಹತ್ತಿದವರು. ಗಿರ್ಮಿಟಿಯಾಗಳು ಅಂತ ಕೇಳಿರುತ್ತೀರಿ. 'ಅಗ್ರಿಮೆಂಟ್' ಅನ್ನೋ ಪದ ಹಳ್ಳಿಯ ಬಾಯಲ್ಲಿ 'ಗಿರ್ಮಿಟ್' ಆಗಿ ಹುಟ್ಟಿದ ಹೆಸರದು.

1872ರ ಫೆಬ್ರವರಿಯಲ್ಲಿ ಇದೇ ಕಲ್ಕತ್ತಾದಿಂದ ಜಮೈಕಾಕ್ಕೆ ಒಂಬತ್ತು ಮುಂಗುಸಿಗಳು ಬಂದಿಳಿದವು. ನಾಲ್ಕು ಗಂಡು, ಐದು ಹೆಣ್ಣು. ತರಿಸಿದವನು ಸ್ಪ್ರಿಂಗ್ ಗಾರ್ಡನ್ ಅನ್ನುವ ತೋಟದ ಮಾಲೀಕ ಡಬ್ಲ್ಯೂ. ಬ್ಯಾಂಕ್ರಾಫ್ಟ್ ಎಸ್ಪ್ಯೂಟ್. ಕೂಲಿ ಬೇಕಾ, ಕಲ್ಕತ್ತಾದಿಂದ. ಮುಂಗುಸಿ ಬೇಕಾ, ಅದೂ ಕಲ್ಕತ್ತಾದಿಂದ. ಇಬ್ಬರನ್ನೂ ಯಾವ ಲೆಕ್ಕದಲ್ಲಿ ಇಟ್ಟಿದ್ದರು ಅನ್ನೋದನ್ನ ನೀವೇ ಊಹಿಸಿಕೊಳ್ಳಿ.

ಮೊದಮೊದಲು ಫಲಿತಾಂಶ ಭರ್ಜರಿಯಾಗಿಯೇ ಇತ್ತು. ಕೆಲವೇ ತಿಂಗಳಲ್ಲಿ ಇಲಿ ಕಡಿದ ಕಬ್ಬು ಕಡಿಮೆಯಾಯಿತು. ಅಕ್ಕಪಕ್ಕದ ತೋಟದವರು ಎಸ್ಪ್ಯೂಟ್‌ನಿಂದ ಮರಿ ಕೇಳಿ ಪಡೆದರು. ಕೊಡದಿದ್ದರೆ ಕದ್ದೂ ಒಯ್ದರು. ಹತ್ತು ವರ್ಷ ಕಳೆದ ಮೇಲೆ, 1882ರಲ್ಲಿ, ಆತ ಲಂಡನ್ನಿನ ಜುವಾಲಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ತನ್ನ ಸಾಧನೆಯ ಬಗ್ಗೆ ಲೇಖನವನ್ನೇ ಬರೆದ. ಅಷ್ಟರಲ್ಲಿ ಜಮೈಕಾದ ಮುಂಗುಸಿಗಳು ಕ್ಯೂಬಾ, ಪೋರ್ಟೊ ರಿಕೊ, ಗ್ರೆನಡಾ, ಹೀಗೆ ದ್ವೀಪದಿಂದ ದ್ವೀಪಕ್ಕೆ ಹಾರಿಯಾಗಿತ್ತು. 1883ರಲ್ಲಿ ಎಪ್ಪತ್ತೆರಡು ಮುಂಗುಸಿಗಳು ಜಮೈಕಾದಿಂದ ಹವಾಯಿಗೆ ಹೋದವು. ಅಲ್ಲಿನ ಹಿಲೋ, ಹಾಮಾಕುವಾ ಕಡೆಯ ಕಬ್ಬಿನ ತೋಟದವರು ತರಿಸಿಕೊಂಡದ್ದು. ಆ ಒಂಬತ್ತರ ವಂಶವೇ ಇವತ್ತು ಕೆರಿಬಿಯನ್‌ನ ಎಷ್ಟೋ ದ್ವೀಪಗಳಲ್ಲಿ, ಹವಾಯಿಯಲ್ಲಿ ತುಂಬಿಕೊಂಡಿರುವುದು.

ಆಮೇಲೆ ಆದದ್ದನ್ನು ನೀವು ಊಹಿಸಬಲ್ಲಿರಿ. ಮುಂಗುಸಿ ಹಗಲಿನ ಪ್ರಾಣಿ, ಇಲಿ ರಾತ್ರಿಯದು. ಒಂದು ಡೇ ಶಿಫ್ಟು, ಇನ್ನೊಂದು ನೈಟ್ ಶಿಫ್ಟು :) ಮುಸ್ಸಂಜೆಯಲ್ಲಿ, ಬಿಲದ ಬಾಯಲ್ಲಿ ಅಷ್ಟಿಷ್ಟು ಮುಖಾಮುಖಿ ಆಗುತ್ತೆ ನಿಜ. ನೆಲದಲ್ಲಿ ಬಿಲ ತೋಡುವ ಕಂದು ಇಲಿಗೆ ಪೆಟ್ಟು ಬಿತ್ತು. ಆದರೆ ಮರ ಹತ್ತುವ ಕಪ್ಪು ಇಲಿ ಗೂಡನ್ನು ಮರದ ಮೇಲಕ್ಕೆ ಸಾಗಿಸಿ ಆರಾಮಾಗಿ ಉಳಿಯಿತು. ಮುಂಗುಸಿ ಹಸಿದುಕೊಂಡು ಕೂರುತ್ತದೆಯೇ? ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ, ಅವುಗಳ ಮೊಟ್ಟೆ, ಹಲ್ಲಿ, ಹಾವು, ಹಳ್ಳಿಯವರ ಕೋಳಿಮರಿ, ಯಾವುದು ಸುಲಭಕ್ಕೆ ಸಿಕ್ಕಿತೋ ಅದನ್ನು ತಿಂದಿತು.

ಜಮೈಕಾಕ್ಕೇ ಸೀಮಿತವಾಗಿದ್ದ ಒಂದು ಹಾವು, ಒಂದು ಸ್ಥಳೀಯ ಇಲಿ, ಒಂದು ಕಡಲಹಕ್ಕಿ ಆ ಕಾಲದಿಂದೀಚೆಗೆ ಕಾಣಲೇ ಇಲ್ಲ. ಹಲ್ಲಿ, ಹಕ್ಕಿಗಳು ಕಡಿಮೆಯಾದ ಮೇಲೆ ಉಣ್ಣೆ (ದನಕ್ಕೆ ಹತ್ತುತ್ತಲ್ಲ, ಆ ಉಣ್ಣೆ) ವಿಪರೀತ ಹೆಚ್ಚಿತು ಅಂತ ದನ ಸಾಕುವವರು ಬೊಬ್ಬೆ ಹಾಕಿದರು. 1890ರ ಹೊತ್ತಿಗೆ, ಮುಂಗುಸಿಯಿಂದ ಲಾಭವೋ ನಷ್ಟವೋ ಅಂತ ವಿಚಾರಿಸಲು ಜಮೈಕಾದಲ್ಲಿ ಒಂದು ಆಯೋಗವನ್ನೇ ಕೂರಿಸಬೇಕಾಯಿತು. ಹದಿನೆಂಟೇ ವರ್ಷಕ್ಕೆ ಹೀರೋ ವಿಲನ್ ಆಗಿದ್ದ. ಇವತ್ತು ಪೋರ್ಟೊ ರಿಕೊ, ಗ್ರೆನಡಾ, ಕ್ಯೂಬಾಗಳಲ್ಲಿ ರೇಬಿಸ್ ರೋಗವನ್ನು ಹೊತ್ತು ತಿರುಗುವ ಮುಖ್ಯ ಪ್ರಾಣಿ ನಾಯಿಯಲ್ಲ, ಮುಂಗುಸಿ.

ಹವಾಯಿಯಲ್ಲಿ ನೇನೇ ಅನ್ನುವ ಬಾತುಜಾತಿಯ ಹಕ್ಕಿ ನೆಲದ ಮೇಲೆ ಮೊಟ್ಟೆ ಇಡುತ್ತೆ. ಬೇಟೆ, ಬೆಕ್ಕು, ನಾಯಿ, ಮುಂಗುಸಿ ಎಲ್ಲ ಸೇರಿ 1950ರ ಸುಮಾರಿಗೆ ಅದರ ಸಂಖ್ಯೆ ಮೂವತ್ತರ ಆಸುಪಾಸಿಗೆ ಇಳಿದಿತ್ತು. ಸಾಕಿ ಬೆಳೆಸಿ ಬಿಟ್ಟು ಈಗ ಉಳಿಸಿಕೊಂಡಿದ್ದಾರೆ. ಮುಂಗುಸಿ ನೆಲೆಯೂರದ ಕವಾಯಿ ದ್ವೀಪದಲ್ಲಿ ಅದು ಚೆನ್ನಾಗಿ ಬೆಳೆದಿದೆ. ಇನ್ನು ಹಾಮಾಕುವಾದ ಕಬ್ಬಿನ ಇಲಿ? ಅದು ಎಲ್ಲಿಗೂ ಹೋಗಲಿಲ್ಲ. ಮುಂಗುಸಿ ಬಂದು ದಶಕಗಳಾದ ಮೇಲೂ ತೋಟದವರು ಪಾಷಾಣ ಇಡುತ್ತಲೇ ಇದ್ದರು.

* * *

ಇದನ್ನೆಲ್ಲ ಓದುವಾಗ ನನಗೆ ಕಾಡಿದ ಪ್ರಶ್ನೆ ಒಂದೇ. ತೀರಾ ಸರಳವಾದದ್ದು.

ಮುಂಗುಸಿ ಬಂಗಾಳದ್ದೇ ಪ್ರಾಣಿ. ಸಾವಿರಾರು ವರ್ಷದಿಂದ ಅಲ್ಲೇ ಇದೆ. ಕಬ್ಬೂ ಅಲ್ಲಿ ಸಾವಿರಾರು ವರ್ಷದಿಂದ ಇದೆ. ಮುಂಗುಸಿಯೇ ಕಬ್ಬಿನ ಇಲಿಯನ್ನು ಮುಗಿಸುವಂತಿದ್ದರೆ, ಬಂಗಾಳದ, ಬಿಹಾರದ ಕಬ್ಬಿನ ಗದ್ದೆಯಲ್ಲಿ ಇಲಿ ಇರಲೇಬಾರದಿತ್ತಲ್ಲ?

ಆದರೆ ಇತ್ತು. ಈಗಲೂ ಇದೆ. ಭಾರತದ ಕಬ್ಬಿಗೆ ದೊಡ್ಡ ಶತ್ರುಗಳಲ್ಲಿ ಒಂದಾದ ಸಣ್ಣ ಹೆಗ್ಗಣದ ಶಾಸ್ತ್ರೀಯ ಹೆಸರೇ 'ಬ್ಯಾಂಡಿಕೋಟ ಬೆಂಗಾಲೆನ್ಸಿಸ್', ಅಂದರೆ ಬಂಗಾಳದ ಹೆಗ್ಗಣ! ಬಿಹಾರ, ಪೂರ್ವ ಉತ್ತರ ಪ್ರದೇಶದಲ್ಲಿ ಮುಸಹರ್ ಅನ್ನುವ ಸಮುದಾಯವಿದೆ. ಆ ಹೆಸರಿನಲ್ಲೇ 'ಮೂಸ', ಅಂದರೆ ಇಲಿ ಇದೆ. ಗದ್ದೆಯ ಬಿಲ ಅಗೆದು ಇಲಿ ಹಿಡಿಯುವುದನ್ನು, ಬಿಲದಲ್ಲಿ ಕೂಡಿಟ್ಟ ಕಾಳನ್ನು ಆಯ್ದುಕೊಳ್ಳುವುದನ್ನು ಬಡತನ ಅವರಿಗೆ ತಲೆಮಾರುಗಳಿಂದ ಕಲಿಸಿತ್ತು. ಮುಂಗುಸಿ ಇರುವ ನಾಡಿನಲ್ಲೇ ಇಲಿ ಹಿಡಿಯುವ ಕೆಲಸದಿಂದ ಒಂದು ಸಮುದಾಯಕ್ಕೆ ಹೆಸರು ಬಂದಿದೆ ಅಂದರೆ ಇನ್ನೇನು ಸಾಕ್ಷಿ ಬೇಕು?

ಈ ಸಾಕ್ಷಿಗೆ ಕಲ್ಕತ್ತಾದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಜಮೈಕಾದ ಕೂಲಿ ಲೈನುಗಳಲ್ಲಿ ಆಗಲೇ ಬಿಹಾರದ ರೈತಾಪಿ ಜನ ಇದ್ದರು. ಮುಂಗುಸಿಯನ್ನೂ ಇಲಿಯನ್ನೂ ಕಬ್ಬನ್ನೂ ಒಟ್ಟಿಗೇ ನೋಡಿ ಬೆಳೆದವರು. ಅವರನ್ನು ಕರೆದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮುಂಗುಸಿ ಇಲಿ ತಿನ್ನುತ್ತೆ ಸ್ವಾಮಿ, ಆದರೆ ಇಲಿ ಮುಗಿಯುವುದಿಲ್ಲ ಅಂತ ಯಾರಾದರೂ ಹೇಳುತ್ತಿದ್ದರು. ಪ್ರಕೃತಿಯಲ್ಲಿ ತಿನ್ನುವ ಪ್ರಾಣಿ, ತಿನ್ನಿಸಿಕೊಳ್ಳುವ ಪ್ರಾಣಿ ಎರಡೂ ಉಳಿಯುತ್ತವೆ. ಉಳಿಯದೇ ಇದ್ದರೆ ತಿನ್ನುವುದೂ ಉಪವಾಸ ಸಾಯುತ್ತೆ ತಾನೇ?

ಇಷ್ಟಾದರೂ ಪಾಠ ಕಲಿತರಾ ಅಂದರೆ, ಇಲ್ಲ. 1910ರಲ್ಲಿ ಜಪಾನಿನ ಒಕಿನಾವಾ ದ್ವೀಪಕ್ಕೆ ಹಾಬು ಅನ್ನುವ ವಿಷದ ಹಾವನ್ನೂ ಕಬ್ಬಿನ ಇಲಿಯನ್ನೂ ಮುಗಿಸಲು ಗಂಗೆಯ ಬಯಲಿನಿಂದ ಮುಂಗುಸಿ ಹೋಯಿತು. ಅಲ್ಲಿಂದ 1979ರಲ್ಲಿ ಸುಮಾರು ಮೂವತ್ತನ್ನು ಅಮಾಮಿ ದ್ವೀಪದಲ್ಲಿ ಹಾವಿಗಾಗಿ ಬಿಟ್ಟರು. (ಹಾಬು ಹಾವು ಕೂಡ ರಾತ್ರಿಯ ಪ್ರಾಣಿ!) ಮೂವತ್ತು ಇದ್ದದ್ದು ಸುಮಾರು ಹತ್ತು ಸಾವಿರಕ್ಕೆ ಏರಿತು, ಅಲ್ಲಿನ ಅಪರೂಪದ ಕಪ್ಪು ಮೊಲದ ಮೇಲೆ ಬಿತ್ತು. ಬೋನು, ತರಬೇತಿ ಪಡೆದ ನಾಯಿ, ಸ್ವಯಂಚಾಲಿತ ಕ್ಯಾಮೆರಾ ಎಲ್ಲ ಹಿಡಿದುಕೊಂಡು ದಶಕಗಟ್ಟಲೆ ಹುಡುಕಿ, ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಅಮಾಮಿಯಲ್ಲಿ ಮುಂಗುಸಿ ಉಳಿದಿಲ್ಲ ಅಂತ ಜಪಾನ್ ಸರ್ಕಾರ ಘೋಷಿಸಿತು. ಒಂದು ಬೆಳಗ್ಗೆ ಬಿಟ್ಟದ್ದನ್ನು ಹಿಂದಕ್ಕೆ ತೆಗೆಯಲು ಎಷ್ಟು ವರ್ಷ ಹಿಡಿಯಿತು ನೋಡಿ.

* * *

ಇಲ್ಲಿಯವರೆಗೆ ಹೇಳಿದ್ದು ಬೆಳೆಯ ಲೆಕ್ಕ, ಹಕ್ಕಿಯ ಲೆಕ್ಕ. ಆದರೆ ಕಬ್ಬಿನ ಇಲಿಯಿಂದ ಮನುಷ್ಯರೂ ಸತ್ತಿದ್ದಾರೆ. ಅದಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಬೇಕು.

ನಮ್ಮ ಕರಾವಳಿ, ಮಲೆನಾಡಿನವರಿಗೆ 'ಇಲಿಜ್ವರ' ಅಂದರೆ ಗೊತ್ತು. ಲೆಪ್ಟೋಸ್ಪೈರೋಸಿಸ್. 2005ರ ಮುಂಬಯಿ ಪ್ರವಾಹದ ನಂತರ ಈ ಹೆಸರು ಪೇಪರುಗಳಲ್ಲೆಲ್ಲ ಬಂದಿತ್ತು. ಇಲಿಯ ಮೂತ್ರದಲ್ಲಿ ಇರುವ ರೋಗಾಣು ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಉಳಿದು, ಕೈಕಾಲಿನ ಗಾಯದ ಮೂಲಕ ಮೈಗೆ ಸೇರುತ್ತೆ. ಜ್ವರ, ಮೈಕೈ ನೋವು. ಜೋರಾದರೆ ಕಾಮಾಲೆ, ಮೂತ್ರಪಿಂಡದ ತೊಂದರೆ, ಸಾವು. ಇದರ ತೀವ್ರ ರೂಪವನ್ನು 1886ರಲ್ಲಿ ವಿವರಿಸಿದವನು ಜರ್ಮನಿಯ ವೈದ್ಯ ಅಡಾಲ್ಫ್ ವೈಲ್. ಹಾಗಾಗಿ ವೈಲ್ ಕಾಯಿಲೆ ಅಂತಲೂ ಹೆಸರು. ರೋಗಾಣುವನ್ನು 1915ರಲ್ಲಿ ಜಪಾನಿನ ಇನಾಡಾ ಮತ್ತು ಇಡೋ ಕಂಡುಹಿಡಿದರು.

ಈಗ ಕಬ್ಬು ಕಡಿಯುವವನನ್ನು ನೆನೆಸಿಕೊಳ್ಳಿ. ಗರಗಸದಂಥ ಸೋಗೆ, ಕೈತುಂಬಾ ಗೀರು. ಬುಡದಲ್ಲಿ ಒದ್ದೆ ರವದಿ, ಅದರಲ್ಲಿ ಇಲಿಯ ಓಡಾಟ. ಬಗ್ಗಿ ಬುಡಕ್ಕೇ ಕತ್ತಿ ಹಾಕಬೇಕು. ಈ ರೋಗಕ್ಕೆ ಹೇಳಿ ಮಾಡಿಸಿದ ಕೆಲಸ.

ಉತ್ತರ ಕ್ವೀನ್ಸ್‌ಲ್ಯಾಂಡಿನ ಇಂಗಮ್ ಪಟ್ಟಣದ ಸುತ್ತ 1933-34ರಲ್ಲಿ ಕಬ್ಬು ಕಡಿಯುವವರಿಗೆ ಈ ಕಾಯಿಲೆ ತಗುಲಿತು. (ಅದೇ 1933ರಲ್ಲಿ ನಮ್ಮ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು.) ಕೆಲವರು ಸತ್ತೇ ಹೋದರು. ಕಡಿಯುವವರಲ್ಲಿ ಇಟಲಿಯಿಂದ ವಲಸೆ ಬಂದವರು ಬಹಳ. ಅವರ ಬೇಡಿಕೆ ಒಂದೇ. ಕಡಿಯುವ ಮೊದಲು ನಿಂತ ಕಬ್ಬಿಗೆ ಬೆಂಕಿ ಕೊಡಿ. ಒಣ ಸೋಗೆ ಸುಟ್ಟು ಹೋಗುತ್ತೆ, ಇಲಿ ಓಡುತ್ತೆ, ನೆಲ ಒಣಗುತ್ತೆ, ಜಲ್ಲೆ ಉಳಿಯುತ್ತೆ.

ಮಿಲ್ಲಿನವರಿಗೆ, ಬೆಳೆಗಾರರಿಗೆ ಇದು ಇಷ್ಟವಿರಲಿಲ್ಲ. ಕಾರಣವೂ ಇತ್ತು. ಸುಟ್ಟ ಕಬ್ಬು ಬೇಗ ಕೆಡುತ್ತೆ, ತಡವಾದಷ್ಟೂ ಸಕ್ಕರೆ ಇಳಿಯುತ್ತೆ. ರವದಿ ಸುಟ್ಟರೆ ಮಣ್ಣಿಗೂ ನಷ್ಟ. ಜೊತೆಗೆ ಕೂಲಿಯ ತಕರಾರು. ಕೂಲಿ ಟನ್ನಿನ ಲೆಕ್ಕ. ಸುಟ್ಟ ಕಬ್ಬು ಕಡಿಯುವುದು ಸುಲಭ ಅಂತ ಟನ್ನಿಗೆ ದರ ಕಡಿಮೆ. ಅಂದರೆ ಜೀವ ಉಳಿಸಿಕೊಳ್ಳಬೇಕಾದರೆ ಕೂಲಿ ಬಿಡಬೇಕು!

1934ರಲ್ಲಿ ಇಂಗಮ್ ಕಡೆ ಮುಷ್ಕರ ಆಯಿತು. ಅಲ್ಲಿನ ಕೈಗಾರಿಕಾ ನ್ಯಾಯಾಲಯ ಆ ಪ್ರದೇಶದಲ್ಲಿ ಸುಟ್ಟು ಕಡಿಯುವಂತೆ ಆದೇಶಿಸಿತು, ಕಾಯಿಲೆ ಇಳಿಯಿತು. ಅಷ್ಟು ಸ್ಪಷ್ಟ ಸಾಕ್ಷಿ ಕಣ್ಣೆದುರಿಗಿದ್ದರೂ ಇನ್ನೂ ಉತ್ತರದ ಟಲ್ಲಿ, ಮೌರಿಲ್ಯನ್, ಇನ್ನಿಸ್‌ಫೇಲ್ ಕಡೆ ಅದನ್ನು ಎಲ್ಲೆಡೆ ಕಡ್ಡಾಯ ಮಾಡಲಿಲ್ಲ. 1935ರಲ್ಲಿ ಅಲ್ಲೂ ಕಾಯಿಲೆ ಕಾಣಿಸಿಕೊಂಡಿತು. ಆಗಸ್ಟಿನಲ್ಲಿ ಕಡಿಯುವವರು ಕತ್ತಿ ಕೆಳಗಿಟ್ಟರು. ಅವರದೇ ದೊಡ್ಡ ಯೂನಿಯನ್, ಆಸ್ಟ್ರೇಲಿಯನ್ ವರ್ಕರ್ಸ್ ಯೂನಿಯನ್, ಅವರ ಬೆನ್ನಿಗೆ ನಿಲ್ಲಲಿಲ್ಲ. ಆದರೂ ಎರಡು ತಿಂಗಳ ಹತ್ತಿರ ಮುಷ್ಕರ ನಡೆಯಿತು. ಹೆಂಗಸರು ಸಮಿತಿ ಕಟ್ಟಿಕೊಂಡು ಊಟಕ್ಕೆ, ಹಣಕ್ಕೆ ಓಡಾಡಿದರು. ಅಲ್ಲೇ ಇದ್ದು ನೋಡಿದ ಲೇಖಕಿ ಜೀನ್ ಡೆವನಿ ಮರುವರ್ಷ 'ಶುಗರ್ ಹೆವನ್' ಅನ್ನುವ ಕಾದಂಬರಿಯನ್ನೇ ಬರೆದರು.

ಅಕ್ಟೋಬರ್ ಹೊತ್ತಿಗೆ ಮುಷ್ಕರ ಮುರಿದು ಬಿತ್ತು. ಕಾಗದದ ಮೇಲೆ ಕೂಲಿಯವರು ಸೋತಿದ್ದರು. ಆದರೆ ಮುಂದಿನ ಸುಗ್ಗಿಯಿಂದ ಆ ಸೀಮೆಯಲ್ಲಿ ಸುಟ್ಟು ಕಡಿಯುವುದೇ ರೂಢಿಯಾಯಿತು.

ತಮಾಷೆ ಅನ್ನಬೇಕೋ ವಿಪರ್ಯಾಸ ಅನ್ನಬೇಕೋ ಗೊತ್ತಿಲ್ಲ, ಅದೇ 1935ರ ಆಗಸ್ಟಿನಲ್ಲಿ, ಅದೇ ಉತ್ತರ ಕ್ವೀನ್ಸ್‌ಲ್ಯಾಂಡಿನ ಗಾರ್ಡನ್‌ವೇಲ್‌ನಲ್ಲಿ, ಹವಾಯಿಯಿಂದ ತಂದ ದೊಡ್ಡ ಕಪ್ಪೆಗಳ ಮರಿಗಳನ್ನು ಕಬ್ಬಿನ ದುಂಬಿ ತಿನ್ನಲಿ ಅಂತ ಬಿಟ್ಟರು. ಕೇನ್ ಟೋಡ್! ತಂದವನ ಹೆಸರು ಮುಂಗೊಮೆರಿ. ಹೆಸರಿನಲ್ಲೇ ಮುಂಗುಸಿ ಇದೆಯಲ್ಲ ಅಂತ ನನಗೆ ನಗು ಬಂತು :) ಆ ಕಪ್ಪೆ ದುಂಬಿಯನ್ನು ಮುಗಿಸಲಿಲ್ಲ, ಇವತ್ತು ಉತ್ತರ ಆಸ್ಟ್ರೇಲಿಯಾಕ್ಕೇ ಹಬ್ಬಿದೆ. ಅಲ್ಲಿ ಮೇಲಿನವರು ತಂದ ಮದ್ದು ರೋಗವಾಯಿತು, ಕೆಳಗಿನವರು ಕೇಳಿದ ಮದ್ದು ಜೀವ ಉಳಿಸಿತು. ಒಂದೇ ಸುಗ್ಗಿಯಲ್ಲಿ ಎರಡೂ.

* * *

ಹಾಗಾದರೆ ಬೆಂಕಿಯೇ ಪರಿಹಾರವೇ? ಅದೂ ಅಲ್ಲ. ಬೆಂಕಿ ಕಡಿಯುವವನ ಜೀವ ಕಾಪಾಡಿತು, ಬೆಳೆಯನ್ನಲ್ಲ. ಕಬ್ಬು ಬೆಳೆದು ನಿಲ್ಲುವ ತಿಂಗಳುಗಳಲ್ಲಿ ಇಲಿ ಒಳಗೇ ಇರುತ್ತೆ. ಅದಕ್ಕೆ ಕ್ವೀನ್ಸ್‌ಲ್ಯಾಂಡಿನಲ್ಲಿ ಥ್ಯಾಲಿಯಂ ಬೆರೆಸಿದ ಗೋಧಿ ಎರಚಿದರು. ಅದು ಇಲಿಗಷ್ಟೇ ಅಲ್ಲ, ತಿಂದ ಎಲ್ಲದಕ್ಕೂ ವಿಷ. 1979ರ ಹೊತ್ತಿಗೆ ಅಲ್ಲಿ ಕೈಯಲ್ಲಿ ಕಬ್ಬು ಕಡಿಯುವುದೇ ನಿಂತು ಯಂತ್ರ ಬಂತು. ಆಮೇಲೆ ಉತ್ತರದ ಎಷ್ಟೋ ಕಡೆ ಸುಡುವುದನ್ನೂ ಬಿಟ್ಟರು, ರವದಿಯನ್ನು ನೆಲಕ್ಕೇ ಹೊದಿಸತೊಡಗಿದರು.

ಇಲಿ ಮಾತ್ರ ಇದ್ದೇ ಇತ್ತು. ಆಗ, 1990ರ ದಶಕದಲ್ಲಿ, ಅಲ್ಲಿನ ಸಂಶೋಧಕರು ಬೇರೆ ಥರದ ಪ್ರಶ್ನೆ ಹಿಡಿದುಕೊಂಡು ಹೋದರು. ಇಲಿಯನ್ನು ಕೊಲ್ಲುವುದು ಹೇಗೆ ಅಂತಲ್ಲ. ಇಲಿ ಇಲ್ಲಿ ಸಂಸಾರ ಹೂಡುವುದು ಹೇಗೆ ಅಂತ!

ಉತ್ತರ ಕೇಳಿದರೆ ಅಷ್ಟೇನಾ ಅನ್ನಿಸುತ್ತೆ. ಕಬ್ಬಿನಲ್ಲಿ ಇರುವುದು ಸಕ್ಕರೆ ಮತ್ತು ನಾರು. ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಕಬ್ಬು ತಿಂದು ಇಲಿ ಹೊಟ್ಟೆ ಹೊರೆಯಬಹುದು, ಮರಿ ಹಾಕಿ ಬೆಳೆಸಲು ಆಗುವುದಿಲ್ಲ. ಅದಕ್ಕೆ ಬೇಕಾದ ಪ್ರೋಟೀನ್ ಸಿಗುವುದು ಸಾಲುಗಳ ನಡುವೆ ಬೆಳೆದ ಕಳೆಯಿಂದ, ಹುಲ್ಲಿನ ಬೀಜದಿಂದ. ಗದ್ದೆಯೊಳಗೆ ಕಳೆ ತೆಗೆದು, ಸುತ್ತಲಿನ ಬದು, ಹಳ್ಳದ ದಂಡೆಯ ಹುಲ್ಲನ್ನು ಹತೋಟಿಯಲ್ಲಿಟ್ಟರೆ ಇಲಿಯ ಸಂತಾನವೇ ಇಳಿಯುತ್ತೆ. ಇಷ್ಟು ಮಾಡಿದ ಮೇಲೆ, ಲೆಕ್ಕ ನೋಡಿ, ಬೇಕಾದ ಕಡೆ ಮಾತ್ರ ಸರಿಯಾದ ಸಮಯಕ್ಕೆ ಪಾಷಾಣ ಇಟ್ಟರೆ ಸಾಕು.

ಇರುವೆ, ಕಪ್ಪೆ, ಫೆರೆಟ್, ಮುಂಗುಸಿ, ಪಾಷಾಣ, ಥ್ಯಾಲಿಯಂ... ಇನ್ನೂರು ವರ್ಷದ ಈ ಮೆರವಣಿಗೆಯ ಕೊನೆಗೆ ಬಂದು ನಿಂತದ್ದು ಕಳೆ ಕೀಳುವ ಕುಡುಗೋಲಿಗೆ.

ಇದನ್ನು ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. "ಬದ ಚೆನ್ನಾಗ್ ಮಡಿಕಂಡೋನ್ ಗದ್ದೇಲಿ ಇಲಿ ಕಮ್ಮಿ ಅಂತ ನಮ್ಮಪ್ಪನೇ ಹೇಳೋನು. ಇದ್ಕೆ ಆಸ್ಟ್ರೇಲಿಯಾದೋರ್ ಬೇಕಾಗಿತ್ತಾ?" ಅಂದರು. ಪ್ರೋಟೀನಿನ ವಿಷಯ ಅವರಪ್ಪನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದರೆ ಪ್ರಯೋಗವೇ ಆಗಬೇಕಿತ್ತು ಅನ್ನುವುದು ನಿಜ. ಹಳೆಯವರಿಗೆ ಎಲ್ಲ ಗೊತ್ತಿತ್ತು ಅನ್ನುವ ಪೈಕಿ ನಾನಲ್ಲ. ಆದರೆ ಎಲ್ಲಿ ನೋಡಬೇಕು ಅನ್ನುವುದು ಬದುವಿನ ಮೇಲೆ ಓಡಾಡುವವನಿಗೆ ಗೊತ್ತಿರುತ್ತೆ. ಅಷ್ಟು ಕೇಳಿಕೊಂಡು ಪ್ರಯೋಗ ಶುರು ಮಾಡಿದ್ದರೆ ನೂರಾರು ವರ್ಷ ಉಳಿಯುತ್ತಿತ್ತೇನೋ.

ಇನ್ನೊಂದು ಮಾತು. ನಮ್ಮಲ್ಲಿ ಇವತ್ತಿಗೂ ಕಬ್ಬಿನ ಹೆಚ್ಚಿನ ಪಾಲು ಕೈಯಲ್ಲೇ ಕಡಿಯುವುದು. ಬೆಳಗಾವಿ, ಬಾಗಲಕೋಟೆ ಕಡೆಗೆ ಸುಗ್ಗಿ ಬಂತೆಂದರೆ ಬೀಡ್ ಕಡೆಯಿಂದ ಗಂಡ ಹೆಂಡತಿ ಜೋಡಿಯಾಗಿ ಗಾಡಿ, ಟ್ರ್ಯಾಕ್ಟರ್ ಹತ್ತಿ ಬರುತ್ತಾರೆ. ಕೂಲಿ ಇವತ್ತಿಗೂ ಟನ್ನಿನ ಲೆಕ್ಕವೇ. ಜ್ವರ ಬಂದು ಮಲಗಿದ ದಿನಕ್ಕೆ ಟನ್ನಿಲ್ಲ, ಟನ್ನಿಲ್ಲದ ದಿನಕ್ಕೆ ದುಡ್ಡಿಲ್ಲ. ಹಾಗಾಗಿ ಜ್ವರ ಬಂದರೂ ಮಾತ್ರೆ ನುಂಗಿ ಕಡಿಯುತ್ತಾರೆ. ಅದು ಯಾವ ಜ್ವರ ಅಂತ ಯಾರು ನೋಡುತ್ತಾರೆ? ಕಬ್ಬಿನ ಇಲಿ ಹತೋಟಿ ಅಂತ ನಾವು ಮಾತಾಡುವಾಗ ಎಕರೆಗೆ ಎಷ್ಟು ಟನ್ ನಷ್ಟ ಅಂತ ಲೆಕ್ಕ ಹಾಕುತ್ತೇವೆ. ಒದ್ದೆ ರವದಿಯಲ್ಲಿ ಬರಿಗೈ ಇಟ್ಟವರ ಲೆಕ್ಕವೂ ಅದರಲ್ಲಿ ಸೇರಬೇಕು ಅಂತ 1935ರಲ್ಲಿ ಪ್ರಪಂಚದ ಇನ್ನೊಂದು ತುದಿಯಲ್ಲಿ ಕೆಲವರು ಎರಡು ತಿಂಗಳು ಹಸಿದುಕೊಂಡು ಹೇಳಿದ್ದರು. ಕೈಗೆ ಒಂದು ಜೊತೆ ಗ್ಲೌಸು, ಕಾಲಿಗೆ ಬೂಟು, ಜ್ವರ ಬಂದರೆ ರಕ್ತಪರೀಕ್ಷೆ. ಇದಕ್ಕೆ ಯಾವ ಹಡಗೂ ಬೇಡ, ಯಾವ ಮುಂಗುಸಿಯೂ ಬೇಡ.

ನಿಮ್ಮೂರ ಕಡೆ ಕಬ್ಬಿನ ಇಲಿಗೆ ಏನು ಮಾಡುತ್ತಾರೆ? ಹಳೆಯ ಉಪಾಯ, ಹೊಸ ಉಪಾಯ ಏನಿದ್ದರೂ ತಿಳಿದವರು ಬರೆಯಿರಿ. ಕೇಳಿ ತಿಳಿದುಕೊಳ್ಳುವ ಆಸೆ ನನಗಂತೂ ಇದೆ.